ಬೀದಿಕಡೆಯ ಕೋಣೆ

ನಮ್ಮ ಕಡೆಯ ಮನೆಗಳಲ್ಲಿ ಆಸ್ತಿಯ ಕಾಗದಪತ್ರಗಳು ದೇವರ ಜಗಲಿಯ ಮೇಲೆ, ಕೆಂಪು ವಸ್ತ್ರದ ಗಂಟಿನೊಳಗೆ ವಾಸವಾಗಿರುತ್ತವೆ. ದೀಪಾವಳಿಗೊಮ್ಮೆ ಅವಕ್ಕೆ ಅರಿಷಿಣ, ಕುಂಕುಮ, ಊದಿನಕಡ್ಡಿ, ಒಂದು ಹೋಳು ಕೊಬ್ಬರಿ ಎಲ್ಲವೂ ಸಲ್ಲುತ್ತದೆ, ಸಲ್ಲದಿರುವುದು ಓದೊಂದೇ. ದೇವರನ್ನು ಯಾರಾದರೂ ಬಿಚ್ಚಿ ನೋಡುತ್ತಾರೆಯೇ, ನೀವೇ ಹೇಳಿ.

ಈ ಭಕ್ತಿಯ ಮಹಿಮೆ ನನಗೆ ತಿಳಿದದ್ದು, ಮಾಸ್ತರಿಕೆಯಿಂದ ನಿವೃತ್ತನಾಗಿ, ಬೆಟಗೇರಿಯ ಬಾಡಿಗೆಮನೆ ಬಿಟ್ಟು ಮುಳಗುಂದದಲ್ಲೊಂದು ಹಳೆಯ ಮಾಳಿಗೆಮನೆ ಕೊಳ್ಳಹೊರಟಾಗ. ಮಾರುವವನು ಈರಪ್ಪ, ಸಂಸಾರವನ್ನು ಗದಗಿಗೆ ಎತ್ತುತ್ತಿದ್ದ ಕಿರಾಣಿ ವ್ಯಾಪಾರಿ, ಸಜ್ಜನ. ಮನೆ ನೋಡಲು ಹೋದ ದಿನ ಅವನ ಸೋದರತ್ತೆ ಚೆನ್ನವ್ವ ಚಹಾ ತಂದಿಟ್ಟಳು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಬೀದಿಕಡೆಯ ಒಂದು ಕೋಣೆಯಲ್ಲಿ ಸದ್ದಿಲ್ಲದೆ ಮುದುಕಿಯಾದವಳು.

"ಅತ್ತೀನ ಡೋಣಿ ಊರಿಗೆ, ನಮ್ಮ ತಂಗಿ ಮನಿಗೆ ಕಳಸ್ತೀನ್ರಿ," ಎಂದ ಈರಪ್ಪ. "ಕಾಗದಪತ್ರ ಹಾಲಿನಂಗ ಸ್ವಚ್ಛ ಅದಾವ."

ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿ ಸವೆದ ಕಣ್ಣಿಗೆ ನಂಬಿಕೆ ಕಡಿಮೆ. ಗದಗಿನ ನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿದೆ. ಆಸ್ತಿಯ ಮೇಲೆ ಯಾರ ಹಕ್ಕು, ಯಾವ ಸಾಲದ ಬೋಜಾ ಇದೆಯೆಂದು ಸರಕಾರ ಬರೆದುಕೊಡುವ ಜಾತಕವದು. ಅದರಲ್ಲಿದ್ದದ್ದು ಒಂದೇ ನೋಂದಣಿ, ಈರಪ್ಪನ ತಂದೆ ತನ್ನ ತಮ್ಮನೊಡನೆ ಪಾಲು ಹಂಚಿಕೊಂಡ ಪತ್ರದ್ದು. ಇಷ್ಟು ಸಾಕಲ್ಲ ಎಂದು ಹೊರಬಂದೆ. ಕಚೇರಿಯೆದುರು ಬೇವಿನ ನೆರಳಲ್ಲಿ ದಸ್ತಾವೇಜು ಬರೆಯುವ ಗುರುನಾಥರಾಯರು ಅದನ್ನು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಮಾಸ್ತರ, ಹಾಜರಿ ನೋಡೇ ಹುಡುಗರ್ನ ಪಾಸ್ ಮಾಡ್ತಿದ್ರೇನು? ಪಾಲುಪತ್ರದ ನಕಲು ತಗಸ್ರಿ."

ವಾರದ ಮೇಲೆ ನಕಲು ಬಂತು. ಪೂರ್ವಕ್ಕೆ ಇಂಥವರ ಗೋಡೆ, ಪಶ್ಚಿಮಕ್ಕೆ ಸರಕಾರಿ ಬೀದಿ ಎಂದು ಮಂತ್ರದಂತೆ ಓದುತ್ತ ಹೋದ ರಾಯರು ಕೊನೆಯ ಪುಟದಲ್ಲಿ ನಿಂತರು: ಬೀದಿಕಡೆಯ ಕೋಣೆಯಲ್ಲಿ ನಮ್ಮ ತಂಗಿ ಚೆನ್ನವ್ವಳು ತನ್ನ ಜೀವವಿರುವತನಕ ಇರತಕ್ಕದ್ದು, ಮನೆ ಯಾರ ಕೈಗೆ ಹೋದಾಗ್ಯೂ ಆಕೆಯನ್ನು ಯಾರೂ ಎಬ್ಬಿಸಕೂಡದು.

"ಆತು," ಎಂದರು ರಾಯರು. "ಮನಿ ಜೋಡಿ ಮುದುಕೀನೂ ಬರ್ತಾಳ."

ಸುದ್ದಿ ಕೇಳಿ ಈರಪ್ಪ ಬೆವರಿದ. ಅವನು ಸುಳ್ಳು ಹೇಳಿದವನಲ್ಲ. "ವರ್ಷಾ ಪೂಜಿ ಮಾಡೀನ್ರಿ, ಒಮ್ಮಿನೂ ಬಿಚ್ಚಿಲ್ಲ," ಎಂದ, ಆಮೇಲೆ ಮೆಲ್ಲಗೆ, "ಆಕೀಗೂ ಗೊತ್ತಿಲ್ರಿ." ನನಗೂ ಆ ಕೋಣೆಯಲ್ಲಿ ಪುಸ್ತಕ ಜೋಡಿಸುವ ಆಸೆಯಿತ್ತೆಂದು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ. ಆ ಆಸೆ ಒಂದು ರಾತ್ರಿ ಬದುಕಿತ್ತು.

ಮರುದಿನ ಈರಪ್ಪನನ್ನು ಕರೆದುಕೊಂಡು ಮುಳಗುಂದಕ್ಕೆ ಹೋದೆ. ಚೆನ್ನವ್ವನ ಟ್ರಂಕು ಆಗಲೇ ಡೋಣಿಯ ಪಯಣಕ್ಕೆ ಸಿದ್ಧವಾಗಿ ಅಂಗಳದಲ್ಲಿತ್ತು. ನಾನು ಪತ್ರ ಓದಿದೆ. ಕೋಣೆಯ ಮಾತು ಅವಳ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ.

"ನಮ್ಮಣ್ಣ ನನ್ನ ಹೆಸರು ಬರಸ್ಯಾನೇನ್ರಿ?"

"ಬರಸ್ಯಾನವ್ವ."

"ಖರೆ? ಇನ್ನೊಮ್ಮೆ ಓದ್ರಿ."

ಮೂರು ಸಲ ಓದಿದೆ. ಹಂಗಿನ ಅನ್ನವೆಂದು ಆಯುಷ್ಯವಿಡೀ ಧ್ವನಿ ತಗ್ಗಿಸಿಯೇ ಬದುಕಿದವಳು, ಸೆರಗಿನಿಂದ ಕಣ್ಣೊರೆಸಿಕೊಂಡು, ಓಣಿಗೆಲ್ಲ ಕೇಳುವಂತೆ ಕೂಗಿದಳು: "ಲೇ ಈರ್ಯಾ! ಟ್ರಂಕ್ ಒಳಗ ಇಡಲೇ!"

ಈರಪ್ಪ ಇಟ್ಟ. ಅವನ ಮುಖದಲ್ಲೂ ಏನೋ ಹಗುರಾಯಿತೆಂದೇ ನನ್ನ ಎಣಿಕೆ.

ಸರಕಾರಿ ಕಚೇರಿಯ ದಫ್ತರಗಳನ್ನು ಶಪಿಸದೆ ನನಗೆ ದಿನ ಕಳೆದದ್ದಿಲ್ಲ. ಆದರೆ ತೀರಿಹೋದ ಅಣ್ಣನ ಕರುಳಿನ ಮಾತನ್ನು ಮನೆಯೇ ಮರೆತಾಗ, ಧೂಳು ಜಿರಲೆಗಳ ನಡುವೆ ಅದನ್ನು ಅಕ್ಷರ ಕೆಡದಂತೆ ಕಾದದ್ದು ಒಂದು ದಫ್ತರವೇ. ಸಂಜೆ ಮನೆಗೆ ಹೋಗುವ ಅವಸರದಲ್ಲಿ ಒಂದು ಸಾಲು ಹಾರಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಾರಿಸದೆ ನಕಲಿಳಿಸಿದ ಆ ಹೆಸರರಿಯದ ಗುಮಾಸ್ತನಿಗೆ ಈ ಮಾಸ್ತರನ ಪೂರ್ಣಾಂಕ.

ಮನೆಯನ್ನು ಭಾರಸಮೇತ ಕೊಂಡೆ. ರಾಯರು ಆ ಸಾಲನ್ನು ನನ್ನ ಖರೀದಿಪತ್ರದಲ್ಲೂ ಇದ್ದಂತೆಯೇ ಬರೆದರು. ಈಗ ಪೇಪರಿನವನು ಬೀದಿಕಡೆಯ ಕಿಟಕಿಯೊಳಗೇ ಪತ್ರಿಕೆ ಎಸೆದು ಹೋಗುತ್ತಾನೆ. ಆದ್ದರಿಂದ ದಿನಾ ಬೆಳಿಗ್ಗೆ ಮನೆಯ ಯಜಮಾನನಾದ ನಾನು ಚೆನ್ನವ್ವನ ಬಾಗಿಲು ತಟ್ಟಿ, ಒಳಗೆ ಬರಲೇ ಎಂದು ಕೇಳುತ್ತೇನೆ.

"ಬರ್ರಿ ಮಾಸ್ತರ, ಯಾಕ ನಿಂತೀರಿ?" ಎನ್ನುತ್ತಾಳೆ. "ನಿಮ್ದೂ ಮನಿ ಐತಲ್ಲ!"