ಮೂರನೆಯ ಸಾಲಿನ ರಾಗ

ಹತ್ತೊಂಬತ್ತನೆಯ ವಯಸ್ಸಿಗೆ ನಾನು ‘ಎಲ್ಡರ್’ ಆದೆ. ಎಂದರೆ ಹಿರಿಯ. ಮೀಸೆ ಇನ್ನೂ ಬರಲೋ ಬೇಡವೋ ಎಂದು ಯೋಚಿಸುತ್ತಿದ್ದ ಕಾಲದಲ್ಲಿ ಬಿಳಿ ಶರ್ಟು, ಟೈ, ಎದೆಯ ಮೇಲೆ ಹೆಸರಿನ ಕಪ್ಪು ಬಿಲ್ಲೆ. ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಎಂಬ ಕ್ರೈಸ್ತ ಪಂಗಡದಲ್ಲಿ ಧರ್ಮ ಸಾರಲು ಹೊರಡುವ ಹುಡುಗರೆಲ್ಲ ಹಿರಿಯರೇ. ಇಂಗ್ಲೆಂಡಿನ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಜರ್ಮನ್ ಬಾಯಿಪಾಠ ಮಾಡಿಸಿದರು. ಮಿಕ್ಕ ತರಬೇತಿ ಬೀದಿಯಲ್ಲೇ ಆಗಲಿ ಎಂದು ಹ್ಯಾಂಬರ್ಗಿಗೆ ಕಳಿಸಿದರು.

ಮಂಗಳೂರಿನವರು ಕೇಳಿದರೆ ನಗುತ್ತಾರೆ. ನನ್ನ ಅಜ್ಜಿಯ ಅಜ್ಜನನ್ನು ಕ್ರೈಸ್ತನನ್ನಾಗಿ ಮಾಡಿದವರೇ ಜರ್ಮನಿಯಿಂದ ಹಡಗು ಹತ್ತಿ ಬಂದ ಪಾದ್ರಿಗಳು. ಅವರು ಕಟ್ಟಿಸಿದ ಚರ್ಚಿನಲ್ಲೇ ತಲೆತಲಾಂತರದಿಂದ ಹಾಡಿ, ಮದುವೆಯಾಗಿ, ಮಣ್ಣಾದ ಮನೆತನ ನಮ್ಮದು. ಈಗ ಅದೇ ಜರ್ಮನರಿಗೆ ಯೇಸುವಿನ ಪರಿಚಯ ಮಾಡಿಸಲು ನಾನು ವಿಮಾನ ಹತ್ತಿದ್ದೆ.

ಅಮ್ಮ ಆ ಚರ್ಚಿನ ಕಾಯರ್, ಅಂದರೆ ಹಾಡುವ ತಂಡ, ನಡೆಸುತ್ತಿದ್ದಳು. ಬೆಂಗಳೂರಿಗೆ ಓದಲು ಹೋದ ಮಗ ಪಂಗಡ ಬದಲಿಸಿ ಬಂದಾಗ, “ನಮ್ಮ ಚರ್ಚಲ್ಲಿ ನಿನಗೆ ಎಂತ ಕಡಿಮೆ ಆದದ್ದು?” ಎಂದು ಒಂದೇ ಮಾತು ಕೇಳಿದಳು. ನಾನು ಬಾಯಿಪಾಠದ ಉತ್ತರ ಮುಗಿಸುವ ಮೊದಲೇ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಗೆ ಮಾತು ನಿಂತಿತು. ವಾರಕ್ಕೊಮ್ಮೆ ನಾನು ಮನೆಗೆ ಬರೆಯುತ್ತಿದ್ದೆ. ಉತ್ತರ ಬರೆಯುತ್ತಿದ್ದವರು ಅಪ್ಪ, ಕೊನೆಯಲ್ಲಿ “ಅಮ್ಮ ಹುಷಾರಿದ್ದಾಳೆ” ಎಂದು ಸೇರಿಸಿ. ಆ ಸಾಲನ್ನು ನಾನು ಎರಡೆರಡು ಸಲ ಓದುತ್ತಿದ್ದೆ. ಇಷ್ಟು ನೋಯಿಸಿ ಬಂದವನು ಒಳ್ಳೆಯ ಪ್ರಚಾರಕನಾದರೂ ಆಗಬೇಕು, ಇಲ್ಲದಿದ್ದರೆ ಇದೆಲ್ಲ ಯಾಕೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ನನ್ನನ್ನು ಪಳಗಿಸಬೇಕಾದ ಜೊತೆಗಾರ ಅಮೆರಿಕದ ದನದ ಫಾರ್ಮಿನ ಹುಡುಗ, ನನಗಿಂತ ಒಂದು ವರ್ಷ ದೊಡ್ಡವನು. ನಿಯಮದ ಪ್ರಕಾರ ನಾವು ಒಬ್ಬರನ್ನೊಬ್ಬರು ಬಿಟ್ಟಿರುವಂತಿಲ್ಲ. ನಾನು ಬಚ್ಚಲಿಗೆ ಹೋದರೂ ಅವನು ಹೊರಗೆ ಶಿಳ್ಳೆ ಹಾಕುತ್ತ ಕಾಯುತ್ತಿದ್ದ. ಕಾಫಿ, ಚಹಾ ನಿಷಿದ್ಧ. ಒದ್ದೆ ಬೂಟಿನಲ್ಲಿ ನಡೆಯುವಾಗ ಯಾವುದೋ ಬೇಕರಿಯಿಂದ ಕಾಫಿಯ ವಾಸನೆ ಬಂದರೆ ನನ್ನ ನಂಬಿಕೆ ಸ್ವಲ್ಪ ಅಲುಗಾಡುತ್ತಿತ್ತು.

ಅವು ಜರ್ಮನಿಯೂ ಗ್ರೀನ್ ಕಾರ್ಡ್ ಕೊಟ್ಟು ಹೊರದೇಶದ ಕಂಪ್ಯೂಟರ್ ಕೆಲಸಗಾರರನ್ನು ಕರೆಸಿಕೊಳ್ಳುತ್ತಿದ್ದ ವರ್ಷಗಳು. ಭಾರತದಿಂದ ಕಂಪ್ಯೂಟರ್ ಪಂಡಿತರು ಬರುತ್ತಿದ್ದಾರೆಂದು ಪತ್ರಿಕೆಗಳಲ್ಲೆಲ್ಲ ಸುದ್ದಿ. ನನ್ನ ಬಣ್ಣ, ಟೈ, ಬಿಲ್ಲೆ ನೋಡಿದ ಕೂಡಲೇ ಜನ “ಕಂಪ್ಯೂಟರಾ?” ಎನ್ನುತ್ತಿದ್ದರು. ಅಲ್ಲ, ದೇವರು ಎಂದರೆ ಬಾಗಿಲು ಮುಚ್ಚುತ್ತಿದ್ದರು. ಒಬ್ಬಾಕೆ ಮಾತ್ರ ಕೆಟ್ಟುಹೋದ ಪ್ರಿಂಟರನ್ನು ತಂದು ನೇರ ನನ್ನ ಕೈಗೇ ಕೊಟ್ಟಳು. ಎರಡು ಬೆರಳಲ್ಲಿ ಟೈಪ್ ಮಾಡುವ ನಾನು ಅದನ್ನು ಅತ್ತಿತ್ತ ತಿರುಗಿಸಿ, ಮನಸ್ಸಿನಲ್ಲೇ ಪ್ರಾರ್ಥಿಸಿ, ವಾಪಸ್ ಕೊಟ್ಟೆ.

ಡಿಸೆಂಬರಿನ ಒಂದು ಮಧ್ಯಾಹ್ನ ಒಬ್ಬ ಅಜ್ಜ ನಿಜವಾಗಿಯೂ ನಮ್ಮನ್ನು ಒಳಗೆ ಕರೆದ. ಕಾಲುನೋವಿನವನು, ಒಂಟಿ, ಮಳೆಯಲ್ಲಿ ನೆನೆದ ಇಬ್ಬರನ್ನು ನೋಡಿ ಕನಿಕರ ಬಂದಿರಬೇಕು. ಕೋಣೆಯ ಮೂಲೆಯಲ್ಲಿ ಹಳೆಯ ಪಿಯಾನೋ ಇತ್ತು. ಮೊದಲ ಪಾಠವನ್ನು ಇಡಿಯಾಗಿ ನಾನೇ ಹೇಳಬೇಕೆಂದು ಜೊತೆಗಾರ ಕಟ್ಟಪ್ಪಣೆ ಮಾಡಿದ್ದ. ಶುರುಮಾಡಿದೆ. ಎರಡು ವಾಕ್ಯ ಚೆನ್ನಾಗಿಯೇ ಹೋಯಿತು. ಮೂರನೆಯದು ಎಲ್ಲಿಗೋ ಓಡಿಹೋಯಿತು. ಅಜ್ಜ ಕಾದ. ಮಾತು ಸಿಗದಿದ್ದರೆ ಹಾಡಿ ಎಂದು ನಮಗೆ ಹೇಳಿಕೊಟ್ಟಿದ್ದರು. ಜೊತೆಗಾರ ಮೊಣಕೈಯಿಂದ ತಿವಿದ. ಗಾಬರಿಯಲ್ಲಿ ನನ್ನ ಬಾಯಿಗೆ ಬಂದದ್ದು ಹೊಸ ಪಂಗಡದ ಹಾಡಲ್ಲ, ಅಮ್ಮನ ಕಾಯರಿನ ಕನ್ನಡ ಗೀತೆ.

ಅಜ್ಜ ನೆಟ್ಟಗಾದ. ಕುಂಟುತ್ತ ಹೋಗಿ ಪಿಯಾನೋದ ಮುಚ್ಚಳ ತೆಗೆದ. ಪಾದ್ರಿಗಳು ಹಡಗಿನಲ್ಲಿ ರಾಗವನ್ನೂ ತಂದಿದ್ದರಲ್ಲ, ಅದು ಅವನದೇ ಚರ್ಚಿನ ರಾಗ. ಅವನು ಜರ್ಮನ್, ನಾನು ಕನ್ನಡ, ಇಬ್ಬರೂ ಒಟ್ಟಿಗೆ ಹಾಡತೊಡಗಿದೆವು. ಮೂರನೆಯ ಸಾಲಿಗೆ ಬಂದಾಗ ಅವನು ಬೆರಳೆತ್ತಿದ.

“ತಪ್ಪು. ಕೊನೆಯಲ್ಲಿ ರಾಗ ಇಳಿಯಬೇಕು. ನೀನು ಏರಿಸಿದೆ.”

“ಏರಬೇಕು,” ಎಂದೆ.

“ನಾನು ಎಳೆಯ ವಯಸ್ಸಿನಿಂದ ಇದನ್ನು ಹಾಡುತ್ತಿದ್ದೇನೆ.”

“ನಾವು ನಿಮ್ಮ ಪಾದ್ರಿಗಳಿಂದಲೇ ಕಲಿತದ್ದು. ನಾವು ಹಾಗೇ ಉಳಿಸಿಕೊಂಡಿದ್ದೇವೆ, ಬದಲಾಯಿಸಿದವರು ನೀವು!”

ಅಷ್ಟು ಹೊತ್ತು ಗಂಟಲಲ್ಲಿ ಸಿಕ್ಕಿಕೊಂಡಿದ್ದ ಜರ್ಮನ್ ಈಗ ನಲ್ಲಿ ಬಿಟ್ಟಂತೆ ಬಂತು. ಅವನು ಬಾರಿಸಿ ತೋರಿಸಿದ. ನಾನು ಮೇಜು ಕುಟ್ಟಿ ಹಾಡಿ ತೋರಿಸಿದೆ. ಅಮ್ಮನ ಕಾಯರನ್ನೇ ಯಾರೋ ಅವಮಾನ ಮಾಡಿದ ಹಾಗೆ ನನ್ನ ಕಿವಿ ಕೆಂಪಾಗಿತ್ತು. ಆ ಚರ್ಚು ಬಿಟ್ಟು ಬಂದವನು ನಾನೇ ಎಂಬುದು ಆ ಗಳಿಗೆಯಲ್ಲಿ ಸಂಪೂರ್ಣ ಮರೆತುಹೋಗಿತ್ತು. ನಮ್ಮ ಪವಿತ್ರ ಗ್ರಂಥ ಸೋಫಾದ ಮೇಲೆ ಹಾಗೇ ಬಿದ್ದಿತ್ತು. ಹೊರಡುವಾಗ ಜೊತೆಗಾರನೇ ಅದನ್ನು ಎತ್ತಿಕೊಂಡ.

ಮೆಟ್ಟಿಲಿಳಿಯುತ್ತ ಅವನು ಹೇಳಿದ: “ನಮ್ಮ ಪುಸ್ತಕದ ಪರವಾಗಿ ನೀನು ಒಂದು ದಿನವೂ ಹೀಗೆ ಜಗಳ ಆಡಿದ್ದನ್ನು ನಾನು ನೋಡಿಲ್ಲ.” ಬೈಯುವ ಧ್ವನಿಯಾಗಿದ್ದರೆ ತಿರುಗಿ ಬೈಯಬಹುದಿತ್ತು. ಅವನು ಬೇಸರದಿಂದ ಹೇಳಿದ್ದ.

ನಮಗೆ ಮನೆಗೆ ಫೋನ್ ಮಾಡಲು ಅನುಮತಿ ಇದ್ದದ್ದು ಕ್ರಿಸ್‌ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ ಮಾತ್ರ. ಆ ಕ್ರಿಸ್‌ಮಸ್ಸಿನಲ್ಲಿ ಅಪ್ಪ ಫೋನೆತ್ತಿದರು. ಹವೆ ಹೇಗೆ, ಊಟ ಹೇಗೆ ಎಂದು ವಿಚಾರಿಸಿ, “ಅಮ್ಮ ಹುಷಾರಿದ್ದಾಳೆ” ಎಂದರು. “ಅಪ್ಪಾ, ಅಮ್ಮನ ಹತ್ತಿರ ಒಂದು ರಾಗ ಕೇಳಬೇಕು, ಕೊಡಿ,” ಎಂದೆ. ಫೋನು ಕೈ ಬದಲಾಯಿಸಿದ್ದು ಕೇಳಿಸಿತು. ಸಿದ್ಧಮಾಡಿಕೊಂಡಿದ್ದ ಕ್ಷಮೆಯ ಮಾತುಗಳನ್ನು ಬಿಟ್ಟು ಆ ಗೀತೆಯ ಹೆಸರು ಹೇಳಿ, ಅಜ್ಜನ ಜಗಳವನ್ನೂ ಹೇಳಿ, “ಮೂರನೆಯ ಸಾಲು ಏರುವುದಲ್ವಾ ಅಮ್ಮಾ?” ಎಂದು ಕೇಳಿದೆ.

ಅಮ್ಮ ಗಂಟಲು ಸರಿಮಾಡಿಕೊಂಡು ಆ ಸಾಲನ್ನು ಹಾಡಿದಳು. ರಾಗ ಇಳಿಯಿತು.

“ಆ ಅಜ್ಜ ಹೇಳಿದ್ದೇ ಸರಿ,” ಎಂದಳು. “ನೀನು ಸಣ್ಣದಿರುವಾಗಲೇ ಅಲ್ಲಿ ಏರಿಸ್ತಿದ್ದಿ. ಇಡೀ ಕಾಯರಿಗೆ ಗೊತ್ತುಂಟು. ತಿದ್ದುವುದು ಬೇಡ, ಪಾಪ, ಖುಷಿಯಲ್ಲಿ ಹಾಡ್ತಾನೆ ಅಂತ ನಾನೇ ಹೇಳಿದ್ದು.”

ನನಗೆ ಅಳು ಬಂತು. ಜೊತೆಗಾರ ಗೋಡೆಯ ಕಡೆ ತಿರುಗಿ ನಿಂತ.

“ಎಂತ, ಸತ್ತು ಹೋದಿಯಾ? ಈಗ ನೀನು ಹಾಡು ನೋಡುವ.”

ಹಾಡಿದೆ.

“ಪುನಃ ಏರಿಸಿದಿ,” ಎಂದಳು ಅಮ್ಮ. ಆದರೆ ಫೋನು ಇಡಲಿಲ್ಲ.