ದುಂಡಸಿಯ ವಿದ್ಯಾಶ್ರೀ ಚೆಂಡು ಒಗೆದದ್ದು

ದುಂಡಸಿಯ ವಿದ್ಯಾಶ್ರೀ ಹೆಸರುವಾಸಿಯಾಗಿದ್ದಾಳೆ ಅನ್ನೋದು ಊರಿಗೆಲ್ಲ ಗೊತ್ತಿತ್ತು. ಯಾತಕ್ಕೆ ಅನ್ನೋದು ಮಾತ್ರ ಬಹಳ ದಿನ ಯಾರಿಗೂ ಗೊತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟಿದ ಫ್ಲೆಕ್ಸಿನಲ್ಲಿ ಅವಳ ಕೈಗೆ ಕ್ರಿಕೆಟ್ ಬ್ಯಾಟು ಅಂಟಿಸಿದ್ದರು. ಅವಳು ಜೀವಮಾನದಲ್ಲಿ ಕ್ರಿಕೆಟ್ ಆಡಿದವಳಲ್ಲ. ಸಾಫ್ಟ್‌ಬಾಲ್ ಪಿಚರ್. ಅಂದರೆ, ತೋಳನ್ನು ಗಾಣದ ಹಾಗೆ ಗಿರ್ರನೆ ತಿರುಗಿಸಿ, ಚೆಂಡನ್ನು ಸೊಂಟದ ಹತ್ತಿರದಿಂದ ಬಿಟ್ಟು, ಬ್ಯಾಟು ಹಿಡಿದವಳು ರೆಪ್ಪೆ ಬಡಿಯೋದರೊಳಗೆ ದಾಟಿಸುವವಳು.

ಈ ಆಟ ನಮ್ಮ ಕಡೆಗೆ ಬಂದದ್ದು ಆಟದ ಮೇಲಿನ ಪ್ರೀತಿಯಿಂದ ಅಂತ ಯಾರಾದರೂ ಭಾಷಣ ಮಾಡಿದರೆ ನಂಬಬ್ಯಾಡ್ರಿ. ಶಿಗ್ಗಾಂವದ ಒಂದು ಕಾಲೇಜಿನಲ್ಲಿ ಮಾಲತೇಶ ಅಂತ ಆಟದ ಮಾಸ್ತರ. ಹೊಟ್ಟೆ ಮುಂದೆ, ಅದರ ಮೇಲೆ ಸೀಟಿ. ಅವರ ಹುಡುಗಿಯರು ಕಬಡ್ಡಿಯಲ್ಲಿ ಸೋತು, ಖೋಖೋದಲ್ಲಿ ಸೋತು, ಕಡೆಗೆ ಪ್ರಿನ್ಸಿಪಾಲರು "ಮಾಲತೇಶ, ಸುಮ್ಮನ ಕುಂದ್ರೂ ಸ್ಪರ್ಧಾ ಎಲ್ಲ್ಯರ ಇದ್ರ ನೋಡ್ರಿ" ಅಂದಿದ್ದರು. ಆ ಸಿಟ್ಟಿನಲ್ಲಿ ಮಾಸ್ತರರು ಮೊಬೈಲು ತಡಕಾಡಿ ಒಂದು ಸತ್ಯ ಕಂಡುಕೊಂಡರು: ಸಾಫ್ಟ್‌ಬಾಲಿಗೆ ಸುತ್ತಮುತ್ತ ತಂಡವೇ ಇಲ್ಲ.

"ತಂಡನ ಇಲ್ಲದ ಆಟದಾಗ ನಾವು ಹೋಗಿ ನಿಂತ್ರ ಸಾಕು, ಚಾಂಪಿಯನ್ನ!"

ಹುಡುಗಿಯರು ಸಿಕ್ಕರು, ಪಿಚರ್ ಸಿಗಲಿಲ್ಲ. ಎಲ್ಲರೂ ಕ್ರಿಕೆಟಿನ ಹಾಗೆ ಮೇಲಿಂದ ಒಗೆಯುವವರೇ. ಆಗ ಕಾಲೇಜಿನಲ್ಲಿ ಹೊಸ ಕೋಣೆ ಏಳುತ್ತಿತ್ತು. ವಿದ್ಯಾಶ್ರೀಯ ಅವ್ವ ಶೇಖವ್ವ ಅಲ್ಲಿ ಗೌಂಡಿಯ ಕೈಕೆಳಗೆ ದುಡಿಯುತ್ತಿದ್ದಳು. ರವಿವಾರ ಅವ್ವನ ಜೊತೆ ಬಂದ ಮಗಳು ನೆಲದ ಮೇಲೆ ನಿಂತು ಮಾಳಿಗೆ ಮೇಲಿನ ಗೌಂಡಿಗೆ ಇಟ್ಟಂಗಿ ತೂರುತ್ತಿದ್ದಳು. ಗೌಂಡಿ ಒಂದು ಕೈಯಲ್ಲಿ ಬೀಡಿ ಹಿಡಿದು, ಆಚೆ ಕಡೆ ಮುಖ ಮಾಡಿ ಮಾತಾಡುತ್ತಿದ್ದರೂ ಇಟ್ಟಂಗಿ ಬಂದು ಇನ್ನೊಂದು ಅಂಗೈಯೊಳಗೆ ಕೂಡುತ್ತಿತ್ತು. ಚಹಾ ಕುಡಿಯುತ್ತ ನೋಡಿದ ಮಾಲತೇಶ ಮಾಸ್ತರರು ಕಪ್ಪು ಅಲ್ಲೇ ಬಿಟ್ಟು ಓಡಿಬಂದರು.

"ಏ ತಂಗಿ, ನೀ ನಮ್ಮ ಕಾಲೇಜಿನಾಕಿ ಅಲ್ಲನು? ನಾಳೆಯಿಂದ ಇಟ್ಟಂಗಿ ಬ್ಯಾಡ, ಚೆಂಡು ಒಗಿ."

ಶೇಖವ್ವ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ಚೆಂಡು ಒಗದ್ರ ಗ್ವಾಡಿ ಏಳ್ತೈತೇನ್ರಿ ಸರ?"

"ಗ್ವಾಡಿ ಏಳೂದಿಲ್ಲವ್ವ. ನೌಕರಿ ಸಿಗ್ತೈತಿ."

ನೌಕರಿ ಅಂದ ಮೇಲೆ ಶೇಖವ್ವ ಮಗಳ ಕೈಯೊಳಗಿನ ಇಟ್ಟಂಗಿ ತಾನೇ ತೆಗೆದುಕೊಂಡಳು.

ಒಗೆಯುವವಳು ಸಿಕ್ಕ ಮೇಲೆ ಹಿಡಿಯುವವಳು ಬೇಕಲ್ಲ. ಆಕೆ ಸವಣೂರಿನ ಸಾಯಿಮಾ, ಟೇಲರ್ ಹಯಾತನ ಮಗಳು. ಮುಖಕ್ಕೆ ಹಾಕುವ ಜಾಳಿಗೆ ಕಾಲೇಜಿನಲ್ಲಿ ಇರಲಿಲ್ಲವಾದ್ದರಿಂದ ಅಪ್ಪನ ಸ್ಕೂಟರಿನ ಹೆಲ್ಮೆಟ್ಟು ಹಾಕಿಕೊಂಡು ಕುಕ್ಕರಗಾಲಲ್ಲಿ ಕುಂತಳು. ಮಾಸ್ತರರು ಬ್ಯಾಟು ಹಿಡಿದು "ಹೆದರಬ್ಯಾಡ್ರಿ, ಸಾಫ್ಟ್ ಅಂದ್ರ ಮೆತ್ತಗ" ಅಂತ ಪಾಠ ಶುರು ಮಾಡಿದರು. ವಿದ್ಯಾಶ್ರೀಯ ಮೊದಲ ಚೆಂಡು ಅವರ ಮೊಣಕಾಲಿಗೆ ಬಿತ್ತು. ಕುಂಟುತ್ತ ಕುಂಟುತ್ತ ಮಾಸ್ತರರು ಪಾಠ ತಿದ್ದಿದರು: "ಈ ಹೆಸರು ಇಟ್ಟಾಂವ ಈ ಆಟ ಆಡಿಲ್ಲ."

ಜಿಲ್ಲೆಗೆ ಅವರು ಬಸ್ಸಿನಿಂದ ಇಳಿದದ್ದೇ ಚಾಂಪಿಯನ್ ಆದರು. ರಾಜ್ಯಮಟ್ಟದಲ್ಲಿ ಹೆಲ್ಮೆಟ್ಟು ನೋಡಿದ ದೊಡ್ಡ ಊರಿನ ಹುಡುಗಿಯರು "ಗಾಡಿ ಎಲ್ಲಿ ನಿಲ್ಲಿಸಿದೀರಾ?" ಅಂತ ನಕ್ಕರು. ವಿದ್ಯಾಶ್ರೀ ನಕ್ಕವರನ್ನು ಒಬ್ಬೊಬ್ಬರಾಗಿ ಬರಿಗಾಳಿಗೆ ಬ್ಯಾಟು ಬೀಸಿಸಿ ವಾಪಸ್ ಕಳಿಸಿದಳು. ಎರಡು ವರ್ಷದೊಳಗೆ ಅವಳೂ ಸಾಯಿಮಾಳೂ ರಾಜ್ಯ ತಂಡದಲ್ಲಿದ್ದರು. ವಿದ್ಯಾಶ್ರೀಯ ಬಲ ತೋಳು ಎಡದ್ದಕ್ಕಿಂತ ದಪ್ಪಗಾಗಿ ಹಯಾತ ಜಂಪರಿನ ಬಲದೋಳಿಗೆ ಬೇರೆ ಅಳತೆ ಇಡುತ್ತಿದ್ದ. "ನನ್ನ ಕತ್ರಿಗೆ ದಿಕ್ಕು ತಪ್ಪಿಸಿದಿ ನೋಡವ್ವ" ಅನ್ನುತ್ತಿದ್ದ.

ಮೊದಲ ನ್ಯಾಷನಲ್ಸ್ ಸೆಮಿಫೈನಲ್ಲಿನಲ್ಲಿ ಎದುರಿನ ಹುಡುಗಿಯೊಬ್ಬಳು ಬ್ಯಾಟು ತಿರುಗಿಸುತ್ತ ವಿದ್ಯಾಶ್ರೀಯನ್ನು ನೋಡಿ ನಕ್ಕಳು. ಸಾಯಿಮಾ ನಿಧಾನದ ಚೆಂಡು ಹಾಕು ಅಂತ ಬೆರಳು ತೋರಿಸಿದಳು. ವಿದ್ಯಾಶ್ರೀ ಇದ್ದ ಸಿಟ್ಟನ್ನೆಲ್ಲ ಕೂಡಿಸಿ ಒಗೆದಳು. ಚೆಂಡು ಸಾಯಿಮಾಳ ತಲೆ ದಾಟಿ ಬೇಲಿಗೆ ಹೋಯಿತು, ಅವರ ಓಟಗಾರ್ತಿ 'ಮನೆ', ಅಂದರೆ ಬ್ಯಾಟಿನವಳು ನಿಲ್ಲುವ ಜಾಗ, ಮುಟ್ಟಿ ರನ್ನು ಗಳಿಸಿದಳು, ಕರ್ನಾಟಕ ಸೋತಿತು.

ರೈಲಿನಲ್ಲಿ ಇಬ್ಬರಿಗೂ ಸೇರಿ ಸಿಕ್ಕದ್ದು ಒಂದೇ ಬರ್ತು. ಬೆನ್ನಿಗೆ ಬೆನ್ನು ಹಚ್ಚಿ, ಮಾತು ಬಿಟ್ಟು ಮಲಗಿದರು. ಹುಬ್ಬಳ್ಳಿ ಹತ್ತಿರ ಬಂದಾಗ ಸಾಯಿಮಾ ಒಬ್ಬಳೇ ಊರಿಂದ ತಂದಿದ್ದ ಸವಣೂರ ಖಾರದ ಮಿಕ್ಸ್ಚರ್ ಪೊಟ್ಟಣ ಬಿಚ್ಚಿ, ಹೊಟ್ಟೆಕಿಚ್ಚು ಬರಲಿ ಅಂತ ಸಪ್ಪಳ ಮಾಡಿ ತಿಂದಳು. ನೆತ್ತಿಗೆ ಹತ್ತಿತು. ವಿದ್ಯಾಶ್ರೀ ನೀರಿನ ಬಾಟ್ಲಿ ಕೊಟ್ಟಳು.

"ನಾ ಸಿಟ್ಟಿನ್ಯಾಗ ಒಗದ್ನಿ. ಅಕಿ ನನ್ನ ನೋಡಿ ನಕ್ಲು."

"ನನ್ನ ನೋಡಿನೂ ನಕ್ಲು. ನಾ ಅಕಿಗೆ ಹೆಲ್ಮೆಟ್ಟಿನೊಳಗ ಬೈದ್ನಿ. ನಿನಗ ಬಾಯಿ ಇಲ್ಲೇನು?"

ಮರುವರ್ಷ ಫೈನಲ್ಲಿನಲ್ಲಿ ಅದೇ ರಾಜ್ಯ, ಅದೇ ಹುಡುಗಿ, ಅದೇ ನಗೆ. ವಿದ್ಯಾಶ್ರೀ ಅಚ್ಚ ದುಂಡಸಿ ಕನ್ನಡದಲ್ಲಿ ಬಾಯೊಳಗೇ ಏನೋ ಅಂದುಕೊಂಡು, ನಿಧಾನದ ಚೆಂಡು ಬಿಟ್ಟಳು. ಹುಡುಗಿ ಚೆಂಡು ಬರೋದಕ್ಕಿಂತ ಮೊದಲೇ ಬೀಸಿ, ಬುಗುರಿಯ ಹಾಗೆ ತಿರುಗಿ ಕುಂತುಬಿಟ್ಟಳು. ಬಂಗಾರದ ಪದಕ ಬಂತು.

ಫ್ಲೆಕ್ಸು ಕಟ್ಟಿದ್ದು ಆಗ. ಸತ್ಕಾರ ಇಟ್ಟುಕೊಂಡವರು ಊರಿನ ದೊಡ್ಡ ಜಮೀನಿನ ಕರಿಬಸಪ್ಪಗೌಡರು. ವಿದ್ಯಾಶ್ರೀಯ ಅಪ್ಪ ಹೂವಪ್ಪ ಮೀಸೆ ಮೂಡುವ ಮೊದಲಿನಿಂದ ಅವರ ಹೊಲದಲ್ಲಿ ದುಡಿದವ, ಅವರ ಕಟ್ಟೆಯ ಕೆಳಗೆ ನಿಂತೇ ಮಾತಾಡಿದವ. ಅವತ್ತು ಅವನನ್ನು ವೇದಿಕೆ ಮೇಲೆ ಕರೆದು ಗೌಡರ ಪಕ್ಕದ ಕುರ್ಚಿ ತೋರಿಸಿದರು. ಕುರ್ಚಿ ವಾಪಸ್ ಕೇಳಿದರೆ ಲಗೂ ಏಳೋಕೆ ಬರಲಿ ಅಂತ ಅವನು ತುದಿಗೆ ಕುಂತ.

"ನಮ್ಮ ಊರಿನ ಕ್ರಿಕೆಟ್ ತಾರೆ..." ಗೌಡರು ಮೈಕು ಹಿಡಿದರು.

ವಿದ್ಯಾಶ್ರೀ ತಿದ್ದಿದಳು: "ಕ್ರಿಕೆಟ್ ಅಲ್ರಿ ಗೌಡ್ರ, ಸಾಫ್ಟ್‌ಬಾಲ್."

"ಕೆಳಗಿಂದ ಒಗಿಯೂದು, ಹೌದಲ್ಲ? ಗೋಲಿಗುಂಡ ಆಡಿದಂಗ! ತಾ ಇಲ್ಲಿ ಬ್ಯಾಟು, ನಾನ ಹೊಡಿತೇನಿ."

ಹೂವಪ್ಪ ಮಗಳಿಗೆ ಬ್ಯಾಡ ಬ್ಯಾಡ ಅಂತ ಕಣ್ಸನ್ನೆ ಮಾಡಿದ. ಅವಳು ನೋಡಲಿಲ್ಲ. ವೇದಿಕೆ ಮುಂದೆ ಜಾಗ ಬಿಡಿಸಿದರು. ಮೂರು ಚೆಂಡು ತಪ್ಪಿದರೆ ಔಟು ಅಂತ ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಸಾಯಿಮಾ ಗೌಡರ ಹಿಂದೆ ಕುಕ್ಕರಿಸಿದಳು. ಗೌಡರು ಧೋತರ ಎತ್ತಿ ಕಟ್ಟಿ ನಿಂತರು. ಪಟ್ ಅಂತ ಸಪ್ಪಳವಾಯಿತು.

"ಹೂಂ, ಒಗಿಯವ್ವ!" ಅಂದರು ಗೌಡರು.

"ಒಗದೇನ್ರಿ."

ಚೆಂಡು ಸಾಯಿಮಾಳ ಕೈಯಲ್ಲಿತ್ತು. ಎರಡನೆಯದಕ್ಕೆ ಗೌಡರು ಬೀಸಿದ ರಭಸಕ್ಕೆ ರುಮಾಲು ಉರುಳಿತು. ಮೂರನೆಯದಕ್ಕೆ ಕಣ್ಣು ಮುಚ್ಚಿ ಬೀಸಿದರು. ಧೋತರದ ಕಚ್ಚೆಯೇ ಕಳಚಿತು. ಹೆಂಗಸರ ಸಾಲಿನಿಂದ ಅವರ ಹೆಂಡತಿ ವೀರವ್ವ ಎದ್ದು ನಿಂತಳು.

"ಮೂರು ಆದುವಲ್ಲ? ಔಟು. ಬರ್ರಿ ಮನೀಗೆ."

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದವನು ಹೂವಪ್ಪ ಒಬ್ಬನೇ. ಗೌಡರು ಕೆಂಪಗಾಗಿ, ಕಚ್ಚೆ ಸಿಗಿಸಿಕೊಂಡು, ಬೇರೆ ದಾರಿ ಕಾಣದೆ ತಾವೂ ನಕ್ಕುಬಿಟ್ಟರು. ಆಮೇಲಷ್ಟೇ ಹೂವಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಬೆನ್ನು ಆನಿಸಿದ.

ಮುಂದೆ ಭಾರತ ತಂಡದ ಶಿಬಿರಕ್ಕೆ ಕರೆ ಬಂತು. ಅಲ್ಲಿ ಭುಜವೇ ಕೈಕೊಟ್ಟಿತು. ರಾಜಕೀಯ ಮಾಡಿ ತೆಗೆದರು ಅಂತ ಊರಲ್ಲಿ ಬಣ್ಣಬಣ್ಣದ ಕಥೆ ಕಟ್ಟಿದರು. ನಿಜ ಸಪ್ಪಗಿತ್ತು, ಭುಜದೊಳಗಿನ ಸ್ನಾಯು ಹರಿದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವಳು ಗ್ವಾಡಿ ಕಡೆ ಮುಖ ಮಾಡಿ ಅತ್ತಳು. ಶೇಖವ್ವ ಬುತ್ತಿ ಬಿಚ್ಚಿದಳು.

"ಇಟ್ಟಂಗಿ ಹೊತ್ತು ನನ್ನ ಸೊಂಟನೂ ಹಿಂಗ ಹೋತು. ಅದಕ್ಕ ಯಾರೂ ಶಾಲು ಹೊಚ್ಚಲಿಲ್ಲ. ಏಳು, ರೊಟ್ಟಿ ತಿನ್ನು."

ತಿಂದಳು. ಮತ್ತೆ ಎರಡು ವರ್ಷ ರಾಜ್ಯಕ್ಕೆ ಆಡಿದಳು, ಮೊದಲಿನ ವೇಗವಿಲ್ಲದೆ, ಮೊದಲಿಗಿಂತ ಹೆಚ್ಚು ಕಪಟದಿಂದ. ಈಗ ಹಂಸಭಾವಿಯ ಒಂದು ಕಾಲೇಜಿನಲ್ಲಿ ಆಟದ ಬಾಯಾರು, ಅಂದರೆ ಟೀಚರು. ಸಾಯಿಮಾ ಪೊಲೀಸ್ ಆಗಿದ್ದಾಳೆ. ಜಿಲ್ಲೆಯಲ್ಲಿ ಈಗ ಬೇಕಾದಷ್ಟು ತಂಡಗಳಿವೆ, ಬಸ್ಸಿನಿಂದ ಇಳಿದು ಚಾಂಪಿಯನ್ ಆಗೋ ಕಾಲ ಹೋಯಿತು.

ಈ ವರ್ಷ ಹಂಸಭಾವಿಯ ಹುಡುಗಿಯರು ಶಿಗ್ಗಾಂವದ ಹುಡುಗಿಯರ ಎದುರು ಸೋತರು. ಮಾಲತೇಶ ಮಾಸ್ತರರು ಈ ವಯಸ್ಸಿನಲ್ಲಿ ಮೈದಾನದ ನಡುವೆ ನಾಗಿಣಿ ನೃತ್ಯ ಮಾಡಿದರು. ವಿದ್ಯಾಶ್ರೀ ಗುರುಗಳ ಕಾಲು ಮುಟ್ಟಿ ನಮಸ್ಕಾರ ಮಾಡಿ, ಅಂಪೈರು ಕುರುಡ ಅಂತ ಸಾಯಿಮಾಗೆ ಫೋನು ಹಚ್ಚಿದಳು.