ಅಮೆರಿಕದ ಸಿಡಿ, ಅಮ್ಮನ ಗೇರು

ಬಿಸಿಲಲ್ಲಿ ಕಾದ ಹಳೇ ಕಾರಿನ ಬಾಗಿಲು ತೆಗೆದರೆ ಒಂದು ವಾಸನೆ ಬರುತ್ತದೆ. ಕಾದ ಪ್ಲಾಸ್ಟಿಕ್ಕು, ಧೂಳು, ಯಾವತ್ತೋ ಚೆಲ್ಲಿದ ಹಾಲು. ಮೆಲ್ಬರ್ನಿನಲ್ಲಿ ಹಳೇ ಕಾರು ಬಿಚ್ಚುವುದೇ ನನ್ನ ಕೆಲಸ, ಹಾಗಾಗಿ ಇದು ದಿನಾ ಮೂಗಿಗೆ ಬೀಳುತ್ತದೆ. ಆದರೂ ಕೆಲವು ದಿನ ಈ ವಾಸನೆ ನನ್ನನ್ನು ಸೀದಾ ಸಿಡ್ನಿಗೆ, ಲಿವರ್‌ಪೂಲ್ ಅನ್ನುವ ಬಡಾವಣೆಯ ನಮ್ಮ ಬಾಡಿಗೆ ಮನೆಗೆ ಎಳೆದುಕೊಂಡು ಹೋಗುತ್ತದೆ. ಆ ಮನೆ ಈಗಿಲ್ಲ, ಒಡೆದು ಎರಡು ಮನೆ ಕಟ್ಟಿದ್ದಾರೆ. ಅದರ ಮುಂದಿನ ರೂಮಿನಲ್ಲಿದ್ದ ಲ್ಯಾನ್ಸಿ ಅಂಕಲ್ ಕೂಡ ಈಗಿಲ್ಲ. ನಿಮಗೂ ಅಂಥದ್ದೊಂದು ಮನೆ ಇದ್ದಿರಬೇಕು, ಹೆಚ್ಚು ಹೇಳುವುದು ಬೇಡ.

ಲ್ಯಾನ್ಸಿ ಅಂಕಲ್ ಮಂಗಳೂರಿನವರು. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ನಮ್ಮ ಜೊತೆ ರೆಂಟ್ ಹಂಚಿಕೊಂಡಿದ್ದರು. ಅಪ್ಪನಿಗೆ ಮೆಲ್ಬರ್ನಿನಲ್ಲಿ ಗೋಡೌನ್ ಕೆಲಸ ಸಿಕ್ಕಿ, ಮೊದಲೇ ಹೋಗಿ ವಿಂಡಮ್ ವೇಲಿನಲ್ಲಿ ಮನೆ ಹಿಡಿದಿದ್ದ. ಹೊಸ ಬಡಾವಣೆ, ಹತ್ತಿರ ಅಂಗಡಿಯೂ ಇಲ್ಲ, ಬಸ್ಸೂ ಇಲ್ಲ. ಕಾರು ಓಡಿಸಲು ಬಾರದೆ ಇಲ್ಲಿಗೆ ಬಂದರೆ ಮನೆಯೊಳಗೇ ಕೊಳೆಯುತ್ತೀಯ, ಮೊದಲು ಲೈಸೆನ್ಸ್ ತಗೋ, ಆಮೇಲೆ ಬಾ ಅಂತ ಫೋನಿನಲ್ಲಿ ಅಮ್ಮನಿಗೆ ಹೇಳಿದ್ದ. ಹಾಗಾಗಿ ಅಮ್ಮ ಪಾಸಾಗುವವರೆಗೂ ನನಗೆ ಅಪ್ಪ ಇಲ್ಲ. ಅಷ್ಟೇ ಲೆಕ್ಕ.

ಕಲಿಸಲು ನಿಂತವರು ಲ್ಯಾನ್ಸಿ ಅಂಕಲ್. ಅವರ ಹಳೇ ಕಾರಿನ ಪ್ಲೇಯರಿನಲ್ಲಿ ಒಂದು ಸಿಡಿ ಸಿಕ್ಕಿಹಾಕಿಕೊಂಡಿತ್ತು, ಹಾಡುತ್ತಿತ್ತು, ಆದರೆ ಹೊರಗೆ ಬರುತ್ತಿರಲಿಲ್ಲ. ಯಾರದೋ ಮನೆಯ ಹಳೇ ಸಾಮಾನಿನ ಗ್ಯಾರೇಜ್ ಸೇಲಿನಲ್ಲಿ ತಂದದ್ದು. ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡು ಅಮೆರಿಕದವರಿಗೆ ಅಂತಲೇ ತನ್ನ ಹಾಡುಗಳಲ್ಲಿ ಕೆಲವನ್ನು ಆರಿಸಿ, ಹಿಂದುಮುಂದಾಗಿ ಜೋಡಿಸಿ ಮಾಡಿದ ಆಲ್ಬಮ್. ಅಮೆರಿಕದ ಕರೆಂಟೇ ಬೇರೆಯಂತೆ, ಅದಕ್ಕೇ ನಮ್ಮ ಪ್ಲೇಯರಿಗೆ ಜೀರ್ಣವಾಗಿಲ್ಲ ಅಂತ ದಾವಣಗೆರೆಯ ನಮ್ಮಮ್ಮ ನಂಬಿದ್ದಳು. ಯಾರು ಏನೇ ಹೇಳಿದರೂ ಬಿಡಲಿಲ್ಲ. ಭಾನುವಾರ ಅಂಕಲ್ ಚರ್ಚಿನಿಂದ ಬಂದ ಮೇಲೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಪಾಠ. ಅಮ್ಮನಿಗೆ ಎಂಜಿನ್ನಿನ ಸದ್ದು ತಿಳಿಯುತ್ತಿರಲಿಲ್ಲ, ಹಾಡು ತಿಳಿಯುತ್ತಿತ್ತು. ಡ್ರಮ್ ಶುರುವಾದರೆ ಸೆಕೆಂಡ್ ಗೇರು, ಎಲ್ಲರೂ ಸೇರಿ ಕಿರುಚಿದರೆ ಥರ್ಡ್. ನಾನು ಹಿಂದಿನ ಸೀಟಿನಲ್ಲಿ ಚಕ್ಕುಲಿ ತಿನ್ನುತ್ತಾ ಅವಳ ಜೊತೆ ಕಿರುಚುತ್ತಿದ್ದೆ. ಅಷ್ಟು ಖುಷಿ ಸ್ಕೂಲಿನಲ್ಲಿ ಒಂದು ದಿನವೂ ಸಿಗಲಿಲ್ಲ.

ಮೊದಲ ಟೆಸ್ಟಿನಲ್ಲಿ ಪರೀಕ್ಷಕರು ಹಾಡು ಆಫ್ ಮಾಡಿಸಿದರು. ಅಮ್ಮ ಯಾವ ಗೇರು ಅಂತ ತೋಚದೆ ಸಿಗ್ನಲ್ ನಡುವೆ ಕಾರು ನಿಲ್ಲಿಸಿಬಿಟ್ಟಳು. ಫೇಲ್. ಮನೆಗೆ ಬಂದು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಳು. ಅಂಕಲ್ ಬಾಗಿಲಿಗೆ ಒರಗಿಕೊಂಡರು.

"ಎಂತ ಅಕ್ಕಾ, ಅವರು ಬಂದ್ ಮಾಡಿದ್ದು ಪ್ಲೇಯರ್ ಮಾತ್ರ. ನಿಮ್ಮ ಬಾಯಿ ಬಂದ್ ಮಾಡ್ಲಿಕ್ಕೆ ನಿಮ್ಮ ಗಂಡನಿಗೇ ಆಗ್ಲಿಲ್ಲ ಮಾರಾಯ್ರೆ."

ಅಮ್ಮ ಸೌಟು ಹಿಡಿದೇ ನಕ್ಕಳು. ಆಮೇಲೆ ಇಡೀ ಆಲ್ಬಮ್ಮನ್ನು ಬಾಯಿಪಾಠ ಮಾಡಿದಳು. ಇಂಗ್ಲಿಷ್ ಮಾತು ಅರ್ಥವಾಗದ ಕಡೆ ತನ್ನದೇ ಮಾತು ತುಂಬಿದಳು.

ಮುಂದಿನ ಟೆಸ್ಟಿನ ಕಥೆ ಅವಳೇ ಹೇಳಿದ್ದು. ಈ ಸಲ ಬಂದವರು ಬಿಳಿಗಡ್ಡದ ಪರೀಕ್ಷಕರು. ಅವಳು ಮೆಲ್ಲಗೆ ಗುನುಗುತ್ತಾ ಗೇರು ಹಾಕುತ್ತಿದ್ದಳು. ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ಹೋದಾಗ ಅವರು, ಅದಾದ ಮೇಲೆ ಇದು ಬರುವುದಿಲ್ಲ, ತಪ್ಪು ಅಂದರು. ಅವರ ಹತ್ತಿರ ಇದ್ದದ್ದು ಇಂಗ್ಲೆಂಡಿನ ಮೂಲ ಆಲ್ಬಮ್.

"ನಾ ಬಿಡ್ತೀನಾ? ನೋ ಸಾರ್, ಅಮೆರಿಕನ್ ಸಿಡಿ, ಡಿಫರೆಂಟ್ ಕರೆಂಟ್ ಅಂದೆ. ಪಾಪ, ಗಡ್ಡ ಅಲ್ಲಾಡೋ ಹಂಗೆ ನಕ್ರು. ನಾ ಮಾತ್ರ ರಸ್ತೆ ಮೇಲಿಂದ ಕಣ್ಣು ತೆಗೀಲಿಲ್ಲ ನೋಡು."

ಪಾಸಾದಳು. ಅವತ್ತು ಅಂಕಲ್ ಮೀನು ಹುರಿದರು, ಮೀನು ತಿನ್ನದ ಅಮ್ಮ ವಾಸನೆ ಸಹಿಸಿಕೊಂಡು ಪಕ್ಕದಲ್ಲೇ ಕೂತು ರೊಟ್ಟಿ ತಟ್ಟಿದಳು. ನಾನು ಅಪ್ಪ ಸಿಕ್ಕ ಅಂತ ಕುಣಿದೆ. ಪಾಸಾದರೆ ಈ ಮನೆ ಮುಗಿಯಿತು ಅನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಅವರಿಬ್ಬರಿಗೂ ಮೊದಲಿಂದ ಗೊತ್ತಿತ್ತು, ಆದರೂ ಒಬ್ಬರು ಕಲಿಸಿದರು, ಒಬ್ಬರು ಕಲಿತರು.

ಹೊರಡುವ ಬೆಳಿಗ್ಗೆ ಅಂಕಲ್ ಕಾರಿನ ಕೀಲಿಯನ್ನು ಅಮ್ಮನ ಕೈಗೇ ಕೊಟ್ಟರು. ತನಗೆ ಬಸ್ಸು ಸಾಕು, ಕಾರು ಮೆಲ್ಬರ್ನ್ ನೋಡಲಿ ಅಂದರು. ಅಮ್ಮ ಬೇಡ ಅಂದಳು, ಅವರು ಕೇಳಲಿಲ್ಲ. ನಮ್ಮ ಬ್ಯಾಗುಗಳನ್ನು ಕಾರಿಗೆ ತುಂಬಿ, ಗೇಟಿನ ಹತ್ತಿರ ಲುಂಗಿಯಲ್ಲೇ ನಿಂತರು. ನಾನು ಹಿಂದಿನ ಗಾಜಿಗೆ ಮೂಗು ಒತ್ತಿ ಕೈ ಬೀಸುತ್ತಲೇ ಇದ್ದೆ. ಅಮ್ಮ ತಿರುಗಿ ನೋಡಲಿಲ್ಲ. ಓಡಿಸುವಾಗ ಕತ್ತು ತಿರುಗಿಸಬೇಡಿ, ಹಿಂದೆ ಇರುವುದನ್ನು ಕನ್ನಡಿಯಲ್ಲಿ ನೋಡಿ ಅಂತ ಅವರೇ ಕಲಿಸಿದ್ದರು. ಬೀದಿಯ ತಿರುವು ಬರುವವರೆಗೂ ಅವಳು ಕನ್ನಡಿಯನ್ನೇ ನೋಡುತ್ತಿದ್ದಳು. ಸಿಡಿಯಲ್ಲಿ ಡ್ರಮ್ ಶುರುವಾದರೂ ಕಾರು ಫಸ್ಟ್ ಗೇರಿನಲ್ಲೇ ಹೋಗುತ್ತಿತ್ತು.